ಆಮೆ ಹಿಂದೆ ಬೀಳಬೇಡ ತಮ್ಮಾ, ಮೊದಲು ಆ ಮಾಸ್ಕ್ ವಾಪಸ್ ಕಳಿಸು

ತಮ್ಮಾ, ನಿನ್ನ ಪೋಸ್ಟ್ ರಾತ್ರಿ ನೋಡಿದೆ. ಜನವರಿ 26ರ ರಜೆಗೆ ಎಂಟು ಜನ ದಾವಣಗೆರೆಯಿಂದ ರಾತ್ರಿ ಹೊರಟು ಬೆಳಗ್ಗೆ ಮುರುಡೇಶ್ವರ, ಅಲ್ಲಿಂದ ಬೋಟಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್, ಅಂದರೆ ಮುಖ ನೀರಲ್ಲಿಟ್ಟು ತೇಲುತ್ತ ಕೊಳವೆಯಲ್ಲಿ ಉಸಿರಾಡುವುದು, ಸಂಜೆಗೆ ವಾಪಸ್. ಮುಖ ಪೂರ್ತಿ ಮುಚ್ಚುವ, ಕೊಳವೆ ಅದರಲ್ಲೇ ಇರುವ ಎಂಟು ಫುಲ್ ಫೇಸ್ ಮಾಸ್ಕ್ ಆನ್‌ಲೈನಲ್ಲಿ ಬಂದಿವೆ. "ಎಲ್ಲರೂ ಭದ್ರಾ ನಾಲೆಯಲ್ಲಿ ಈಜಿದವರೇ, ಲೈಫ್ ಜಾಕೆಟ್ ಬೇಕಿಲ್ಲ. ಆಮೆ ಸಿಕ್ಕರೆ ಬೆನ್ನು ಮುಟ್ಟಿದ ಫೋಟೋ ಹಾಕುತ್ತೇನೆ" ಅಂತ ಬರೆದಿದ್ದೀಯ. ಕೆಳಗೆ ಗುಂಪಿನವರೆಲ್ಲ ಹೆಬ್ಬೆಟ್ಟು ಎತ್ತಿದ್ದಾರೆ. ಒಬ್ಬರಾದರೂ ಬೇಡ ಅನ್ನಬಾರದಾ?

ಇದೇ ಪ್ಲಾನು, ಇದೇ ಥರದ ಮಾಸ್ಕು, ಇದೇ ಜಂಬ ನನಗೂ ಇತ್ತು, ಆರು ವರ್ಷದ ಹಿಂದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಾಲಿಗೆ ಹಾಕುವ ಫಿನ್, ಉಸಿರಾಡುವ ಕೊಳವೆ ಸ್ನಾರ್ಕೆಲ್, ಇವೆಲ್ಲ ನಿನಗೆ ಗೊತ್ತು, ಅದನ್ನು ಬಿಡುತ್ತೇನೆ.

ನಾನು ಈಜು ಕಲಿತದ್ದು ಹೊಳಲ್ಕೆರೆ ಕಡೆ ಅಜ್ಜನ ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ನೀರು ಚೊಕ್ಕ ಇರಲಿ ಅಂತ ಆ ಬಾವಿಗೆ ಎರಡು ಆಮೆ ಬಿಟ್ಟಿದ್ದರು. ಅವನ್ನು ಹಿಡಿಯುವುದು, ಅವು ತಲೆ ಒಳಗೆ ಎಳೆದುಕೊಳ್ಳುವುದನ್ನು ನೋಡುವುದು, ಮತ್ತೆ ಬಿಡುವುದು. ಬೇಸಿಗೆ ರಜೆ ಪೂರ್ತಿ ಅದೇ ಆಟ. ಕಡಲಾಮೆ ಅಂದರೂ ಇದೇ, ಸ್ವಲ್ಪ ದೊಡ್ಡದು ಅಂದುಕೊಂಡಿದ್ದೆ. ಕಡಲಾಮೆಗೆ ತಲೆಯನ್ನೂ ಕಾಲನ್ನೂ ಚಿಪ್ಪಿನೊಳಗೆ ಎಳೆದುಕೊಳ್ಳಲು ಬರುವುದಿಲ್ಲ. ಹೆದರಿದರೆ ಅದಕ್ಕಿರುವುದು ಒಂದೇ ದಾರಿ, ಓಡಿ ಹೋಗುವುದು.

ನೇತ್ರಾಣಿಯಲ್ಲಿ ನೀರಿಗಿಳಿದ ಹತ್ತು ನಿಮಿಷಕ್ಕೆ ಒಂದು ಹಸಿರಾಮೆ ಕಾಣಿಸಿತು. ಬಂಡೆ ಪಕ್ಕ ನಿಧಾನಕ್ಕೆ ಹೋಗುತ್ತಿತ್ತು. ಕೈ ಚಾಚಿದರೆ ಸಿಗುತ್ತದೆ ಅನ್ನಿಸಿತು. ಇಲ್ಲಿ ಒಂದು ವಿಷಯ ತಲೆಯಲ್ಲಿಟ್ಟುಕೋ. ಮಾಸ್ಕ್ ಹಾಕಿಕೊಂಡು ನೀರಲ್ಲಿ ನೋಡುವಾಗ ವಸ್ತು ಇರುವ ದೂರಕ್ಕಿಂತ ಕಾಲು ಭಾಗ ಹತ್ತಿರ ಕಾಣುತ್ತದೆ, ಗಾತ್ರವೂ ಮೂರನೇ ಒಂದು ಭಾಗದಷ್ಟು ಜಾಸ್ತಿ ಕಾಣುತ್ತದೆ. ನಾನು ಬಾವಿ ಈಜು ಈಜಿದೆ. ಎರಡೂ ಕೈ ಬೀಸಿ ಧಪಧಪ ಹೊಡೆದೆ. ಆಮೆ ಒಂದು ಸಲ ಪಕ್ಕಕ್ಕೆ ನೋಡಿತು. ಮುಂದಿನ ಎರಡು ಕಾಲನ್ನು ಒಮ್ಮೆ ಬೀಸಿತು, ಅಷ್ಟೇ. ನೀಲಿಯೊಳಗೆ ಮಾಯ.

ನಾನು ಮಾತ್ರ ಮಾಯವಾಗಲಿಲ್ಲ, ಏದುಸಿರು ಬಿಡುತ್ತ ಅಲ್ಲೇ ಉಳಿದೆ. ಆ ಫುಲ್ ಫೇಸ್ ಮಾಸ್ಕಿನೊಳಗೆ ಬಿಟ್ಟ ಉಸಿರು ಸರಿಯಾಗಿ ಹೊರಗೆ ಹೋಗದಿದ್ದರೆ ಅದನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಷ್ಟೂ ಉಸಿರು ಇನ್ನೂ ಜೋರಾಗುತ್ತದೆ, ಜೋರಾದಷ್ಟೂ ಸಾಲುವುದಿಲ್ಲ. ಗಾಜು ಮಂಜಾಯಿತು. ತಲೆ ಧಿಂ ಅಂದಿತು. ಮಾಮೂಲಿ ಸ್ನಾರ್ಕೆಲ್ ಆದರೆ ಬಾಯಿಂದ ಉಗಿದು ತಲೆ ಎತ್ತಿದರೆ ಮುಗಿಯಿತು. ಇದನ್ನು ಹಿಂದಿನ ಪಟ್ಟಿಯಿಂದ ಕಿತ್ತು ತೆಗೆಯಬೇಕು, ಅಲೆಯ ಮಧ್ಯೆ, ನಡುಗುವ ಕೈಯಲ್ಲಿ. ತಲೆ ಎತ್ತಿ ನೋಡಿದರೆ ಬೋಟು ನಮ್ಮ ಹೈಸ್ಕೂಲ್ ಮೈದಾನದ ಆ ತುದಿಯಷ್ಟು ದೂರ. ಗೈಡ್ ಹುಡುಗ ರಿಂಗ್ ಎಳೆದುಕೊಂಡು ಬಂದು ನನ್ನನ್ನು ಕರೆದುಕೊಂಡು ಹೋದ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಫುಲ್ ಫೇಸ್ ಮಾಸ್ಕಲ್ಲಿ ಒಳ್ಳೆಯವೂ ಇವೆ ಅಂತ ಯಾರಾದರೂ ಬರೆಯುತ್ತಾರೆ, ಬರೆಯಲಿ. ಶಾಂತ ನೀರಲ್ಲಿ ಸುಮ್ನೆ ತೇಲುವವರಿಗೆ ಸರಿ ಇರಬಹುದು. ಆದರೆ ಅದರಲ್ಲಿ ಮೂಗು ಹಿಡಿದು ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳಲು ಆಗುವುದಿಲ್ಲ. ಆರೇಳು ಅಡಿ ಕೆಳಗೆ ಹೋದರೂ ಕಿವಿ ನೋಯುತ್ತದೆ. ನೀವು ಎಂಟೂ ಜನ ಕೆಳಗೆ ಮುಳುಗುವವರೇ, ನನಗೆ ಗೊತ್ತಿಲ್ವಾ. ವಾಪಸ್ ಕಳಿಸು. ಡೆಕತ್ಲಾನ್‌ನ ಸುಬಿಯಾ ಮಾಮೂಲಿ ಮಾಸ್ಕ್, ಜೊತೆಗೆ ಸಾದಾ ಕೊಳವೆ ಸಾಕು. ಕ್ರೆಸ್ಸಿ ಕಂಪನಿಯದು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಸಿಲಿಕಾನ್ ಮುಖಕ್ಕೆ ಮೆತ್ತಗೆ ಕೂರುತ್ತದೆ. ಆಟದ ಸಾಮಾನಿನ ಅಂಗಡಿಯ ಪ್ಲಾಸ್ಟಿಕ್ ಗಾಜಿನದ್ದು ಬೇಡವೇ ಬೇಡ, ಟೆಂಪರ್ಡ್ ಗ್ಲಾಸ್ ಅಂತ ಬರೆದಿರಬೇಕು.

ಮಾಸ್ಕ್ ನೋಡುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರು ಎಳೆ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿನ್ನದು. ಸೋರುತ್ತದೆ ಅಂತ ಪಟ್ಟಿ ಬಿಗಿ ಮಾಡಬೇಡ, ಬಿಗಿ ಮಾಡಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ನಿಮ್ಮಲ್ಲಿ ಮೂರು ಜನಕ್ಕೆ ಹುರಿ ಮೀಸೆ ಇದೆ. ಬೋಳಿಸಿ ಅನ್ನಲ್ಲ, ಮನೆಯಲ್ಲಿ ಗಲಾಟೆ ಆದೀತು. ಮೂಗಿನ ಕೆಳಗೆ ಒಂದು ಗೆರೆಯಷ್ಟು ತೆಗೆದರೆ ಸಾಕು. ವ್ಯಾಸಲಿನ್ ಹಚ್ಚಬೇಡಿ, ಸಿಲಿಕಾನ್ ಹಾಳಾಗುತ್ತದೆ. ಹೊಸ ಮಾಸ್ಕಿನ ಗಾಜಿಗೆ ಕಾರ್ಖಾನೆಯ ಜಿಡ್ಡು ಇರುತ್ತದೆ. ಬಿಳಿ ಪೇಸ್ಟು, ಜೆಲ್ ಅಲ್ಲ, ಮಾಮೂಲಿ ಬಿಳಿ ಕೋಲ್ಗೇಟ್, ಒಳಗಡೆ ಬೆರಳಲ್ಲಿ ತಿಕ್ಕಿ ತೊಳೆ. ಮೂರ್ನಾಲ್ಕು ಸಲ ಮಾಡು. ಆ ದಿನ ನೀರಿಗಿಳಿಯುವ ಮುಂಚೆ ಒಂದು ಹನಿ ಬೇಬಿ ಶಾಂಪೂ ಸವರಿ ಒಮ್ಮೆ ಅದ್ದಿ ತೆಗೆ. ಎಂಜಲು ಹಚ್ಚಿದರೂ ಆಗುತ್ತದೆ, ನಾನು ಅದನ್ನೇ ಮಾಡುವುದು.

ಕೊಳವೆ ವಿಷಯಕ್ಕೆ ನಮ್ಮ ಚಿಕ್ಕಪ್ಪನ ಮಗನ ಕಥೆ ಹೇಳಲೇಬೇಕು. ಸ್ನಾರ್ಕೆಲ್ ಗಿಡ್ಡ ಆಯಿತು ಅಂತ ಅಡಿಕೆ ತೋಟದ ಡ್ರಿಪ್ ಪೈಪ್ ಜೋಡಿಸಿ ಬಾವಿಗೆ ಇಳಿದ. ಒಂದು ಆಳು ಆಳಕ್ಕೆ ಹೋಗಿ ಉಸಿರೆಳೆದರೆ ಎದೆ ಅಗಲವಾಗಲೇ ಇಲ್ಲ. ನೀರು ಎದೆ ಮೇಲೆ ಒತ್ತುತ್ತಿರುತ್ತದೆ, ಮೇಲಿನ ಗಾಳಿ ಎಳೆಯಲು ಶಕ್ತಿ ಸಾಲುವುದಿಲ್ಲ. ಜೊತೆಗೆ ಪೈಪ್ ತುಂಬ ತಾನೇ ಬಿಟ್ಟ ಉಸಿರು. ಬಿಳಿಚಿಕೊಂಡು ಮೇಲೆ ಬಂದ. ಕೊಳವೆ ಒಂದು ಒಂದೂಕಾಲು ಅಡಿ ಇರುವುದಕ್ಕೆ ಕಾರಣ ಇದೆ. ನಿಮ್ಮ ಗ್ಯಾಂಗಲ್ಲೂ ಇಂಥ ಎಂಜಿನಿಯರ್ ಇದ್ದೇ ಇರುತ್ತಾನೆ, ಅದಕ್ಕೆ ಹೇಳಿದೆ.

ಈಗ ಆಮೆ ವಿಷಯ. ನೇತ್ರಾಣಿಯಾದ ಮೇಲೆ ಎರಡು ವರ್ಷಕ್ಕೆ ಲಕ್ಷದ್ವೀಪದ ಅಗತ್ತಿಗೆ ಹೋಗಿದ್ದೆ. ಪರ್ಮಿಟ್ ಬೇಕು, ಕೊಚ್ಚಿಯಿಂದ ವಿಮಾನ, ಖರ್ಚು ಜಾಸ್ತಿ. ಅಲ್ಲಿನ ಲಗೂನಿನಲ್ಲಿ, ಅಂದರೆ ಹವಳದ ದಿಬ್ಬದ ಒಳಗಿನ ಶಾಂತ ನೀರಲ್ಲಿ, ಹಸಿರಾಮೆಗಳು ಸಮುದ್ರದ ಹುಲ್ಲು ಮೇಯುತ್ತವೆ, ನಮ್ಮ ಕಡೆ ಎಮ್ಮೆ ಮೇದ ಹಾಗೆ. ಮೇದು ಮೇದು ಹುಲ್ಲುಗಾವಲೇ ಬೋಳಾಗಿದೆ. ಒಂದು ದಿನದ ಟ್ರಿಪ್ಪಿಗೆ ಬಂದಿದ್ದ ಗೈಡ್ ವಯಸ್ಸಾದವರು, ಮೀನು ಹಿಡಿಯುತ್ತಿದ್ದವರು. ನಾನು ಕೈ ಬೀಸಲು ಶುರು ಮಾಡಿದ್ದೇ ತಡ ನನ್ನ ಫಿನ್ ಹಿಡಿದು ಎಳೆದರು. ಎರಡೂ ಕೈ ಎದೆ ಮೇಲೆ ಕಟ್ಟಿಸಿದರು. ಸುಮ್ನೆ ಬೋರಲು ಮಲಗು ಅಂತ ಸನ್ನೆ ಮಾಡಿದರು.

ಮಲಗಿದೆ. ಐದು ನಿಮಿಷ ಏನೂ ಇಲ್ಲ. ಕೆಳಗೆ ಒಂದು ಆಮೆ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೇಯುತ್ತಿತ್ತು. ಆಮೇಲೆ ತಲೆ ಸ್ವಲ್ಪ ಮೇಲಕ್ಕೆ ಎತ್ತಿತು. ಗೈಡ್ ನನ್ನನ್ನು ಪಕ್ಕಕ್ಕೆ ಸರಿಸಿದರು. ಆಮೆಗೆ ನಮ್ಮ ಹಾಗೇ ಶ್ವಾಸಕೋಶ, ಕಿವಿರು ಇಲ್ಲ. ಮೇಯುತ್ತ ಓಡಾಡುವ ಆಮೆ ಕೆಲವೇ ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು. ನಾವು ಅದರ ನೆತ್ತಿಯ ಮೇಲೆ ತೇಲುತ್ತಿದ್ದರೆ ಬರಲು ಜಾಗ ಎಲ್ಲಿ? ಪಕ್ಕಕ್ಕೆ ಸರಿದೆವು. ಅದು ನನ್ನಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ಮೇಲೆ ಬಂದು, ಫುಸ್ ಅಂತ ಉಸಿರು ಬಿಟ್ಟು, ಎಳೆದು, ಮತ್ತೆ ಇಳಿಯಿತು. ಇಳಿಯುವಾಗ ಕಣ್ಣು ನೋಡಿದೆ. ಮೂರು ಸಲ ಹೀಗೇ ಆಯಿತು. ಅದರ ಹಿಂದೆ ನಾನು ಒಂದು ಮಾರೂ ಈಜಿರಲಿಲ್ಲ.

ಇದನ್ನು ಪ್ರಾಕ್ಟೀಸ್ ಮಾಡಬೇಕು ತಮ್ಮಾ, ತಾನಾಗಿ ಬರುವುದಿಲ್ಲ. ನಾಲೆಯಲ್ಲಿ ಈಜಿದವರಿಗೆ ಸುಮ್ನಿರುವುದೇ ಕಷ್ಟ. ಈಜುಕೊಳದ ಬೆಳಗ್ಗೆ ಆರರ ಬ್ಯಾಚಿಗೆ ಸ್ನಾರ್ಕೆಲ್ ತನ್ನಿ. ಬೋರಲು ಮಲಗಿ, ಕೈ ಕಟ್ಟಿ, ಕಾಲು ಆಡಿಸದೆ ಹತ್ತು ನಿಮಿಷ ಕೊಳದ ತಳದ ಟೈಲ್ಸ್ ಎಣಿಸಿ. ಉಸಿರು ಒಳಗೆ ನಾಲ್ಕು ಎಣಿಸುವಷ್ಟು, ಹೊರಗೆ ಆರು. ಹತ್ತು ನಿಮಿಷ ಆದ ಮೇಲೆ ಕೊಳವೆಗೆ ಬೇಕಂತಲೇ ನೀರು ತುಂಬಿಸಿ ತುಪ್ ಅಂತ ಊದಿ ಖಾಲಿ ಮಾಡಿ. ಆಮೇಲೆ ಇದನ್ನೇ ಲೈಫ್ ಜಾಕೆಟ್ ಹಾಕಿಕೊಂಡು ಮಾಡಿ. ಜಾಕೆಟ್ ಹಾಕಿದರೆ ಎದೆ ಮೇಲೇಳುತ್ತದೆ, ಕಾಲು ಇಳಿಯುತ್ತದೆ, ಮುಖ ನೀರಲ್ಲಿಡಲು ಕಿರಿಕಿರಿ. ಆದರೂ ಹಾಕಲೇಬೇಕು. ನಾಲೆಯಲ್ಲಿ ಸುಸ್ತಾದರೆ ದಡ ಹತ್ತು ಮಾರು. ನೇತ್ರಾಣಿಯಿಂದ ದಡ ಹೆಚ್ಚುಕಡಿಮೆ 19 ಕಿಲೋಮೀಟರ್.

ಮುಟ್ಟುವ ಮಾತು ಎತ್ತಲೇಬೇಡ. ನಮ್ಮ ದೇಶದ ಸಮುದ್ರದಲ್ಲಿ ಸಿಗುವ ಐದು ಜಾತಿಯ ಕಡಲಾಮೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಪಕ್ಕದಲ್ಲೇ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಅಟ್ಟುವುದು ಕೂಡ ಸೇರಿದೆ. ಮೊದಲ ಪಟ್ಟಿಯ ಪ್ರಾಣಿಯ ಬೇಟೆಗೆ ಶಿಕ್ಷೆ 3ರಿಂದ 7 ವರ್ಷ ಜೈಲು. ನೀನು ಅದರ ಫೋಟೋ ಬೇರೆ ಹಾಕುತ್ತೇನೆ ಅಂತೀಯ. ಸಾಕ್ಷಿ ನೀನೇ ಕೊಟ್ಟ ಹಾಗೆ ಆಗುತ್ತದೆ, ಅಲ್ವಾ? ಸೆಲ್ಫಿ ಸ್ಟಿಕ್ ಕಾರಲ್ಲೇ ಇರಲಿ. ಕ್ಯಾಮೆರಾಗೆ ತೇಲುವ ಪಟ್ಟಿ ಕಟ್ಟಿ ಮಣಿಕಟ್ಟಿಗೆ ಹಾಕಿಕೋ, ಫ್ಲ್ಯಾಶ್ ಆಫ್.

ಬುಕ್ ಮಾಡುವಾಗ ರೇಟ್ ಕೇಳುವ ಮುಂಚೆ ಎರಡು ಮಾತು ಕೇಳು. ಗೈಡ್ ನಮ್ಮ ಜೊತೆ ನೀರಿಗಿಳಿಯುತ್ತಾನಾ, ಬೋಟಲ್ಲೇ ಕೂರುತ್ತಾನಾ? ಒಬ್ಬ ಗೈಡಿಗೆ ಎಷ್ಟು ಜನ? ಈಜುವವರೇ ಆದರೂ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ನಾನು ಹೋಗುವುದಿಲ್ಲ. "ಆಮೆ ಗ್ಯಾರಂಟಿ ಸಾರ್" ಅಂದರೆ ಫೋನ್ ಇಡು. ನೇತ್ರಾಣಿಯಲ್ಲಿ ಹಸಿರಾಮೆ ಇವೆ, ಗಿಳಿ ಕೊಕ್ಕಿನಂಥ ಮೂತಿಯ ಹಾಕ್ಸ್‌ಬಿಲ್ಲೂ ಇವೆ, ಆದರೆ ಅವು ಟೈಮ್ ಟೇಬಲ್ ನೋಡಿ ಬರುವುದಿಲ್ಲ. ನಾನು ಮೂರು ಸಲ ಹೋಗಿ ಒಂದು ಸಲ ಕಂಡದ್ದು. ಒಂದು ಸಲ ಬೋಟಿನವರು ಮೀನು ಸೇರಲಿ ಅಂತ ಬಿಸ್ಕತ್ ಪುಡಿ ಎರಚುತ್ತಿದ್ದರು. ಹಾಗೆ ಮಾಡಿದರೆ ನಯವಾಗಿ ಬೇಡ ಅನ್ನು.

ಊಟದ ವಿಷಯ. ನನ್ನ ಮೊದಲ ಟ್ರಿಪ್ಪಿಗೆ ದಾವಣಗೆರೆಯಿಂದ ಬೆಣ್ಣೆ ದೋಸೆ ಪಾರ್ಸಲ್ ಕಟ್ಟಿಸಿಕೊಂಡು ಹೋಗಿದ್ದೆವು. ರಾತ್ರಿಯಿಡೀ ಗೇರುಸೊಪ್ಪೆ ಘಾಟಿಯ ತಿರುವು. ಬೆಳಗ್ಗೆ ಗಟ್ಟಿಯಾದ ಬೆಣ್ಣೆಯ ತಣ್ಣನೆ ದೋಸೆ ತಲಾ ಎರಡು. ಬೋಟ್ ಹತ್ತಿ ಅರ್ಧ ಗಂಟೆಗೆ ಆರು ಜನರಲ್ಲಿ ಐದು ಜನ ಕಟಕಟೆ ಹಿಡಿದು ಬಗ್ಗಿದ್ದರು. ನೇತ್ರಾಣಿ ಮೀನುಗಳಿಗೆ ಬೆಣ್ಣೆ ದೋಸೆ ಸೇವೆ. ಎರಡು ಇಡ್ಲಿ ಸಾಕು, ಚಟ್ನಿ ಬೇಡ. ವಾಂತಿ ಬರುವವರು ಡಾಕ್ಟರ್ ಕೇಳಿ ಅವೊಮಿನ್ ಮಾತ್ರೆ ತೆಗೆದುಕೊಳ್ಳಲಿ, ಬೋಟ್ ಹತ್ತುವ ಒಂದೆರಡು ಗಂಟೆ ಮುಂಚೆ. ಹತ್ತಿದ ಮೇಲೆ ನುಂಗಿದರೆ ಅದೂ ಸಮುದ್ರಕ್ಕೇ. ಅದರಿಂದ ನಿದ್ದೆ ಬರುತ್ತದೆ, ಕಾರು ಓಡಿಸುವವನಿಗೆ ಕೊಡಬೇಡ. ಬೋಟು ಬೆಳಗಿನದೇ ಹಿಡಿ, ಮಧ್ಯಾಹ್ನವಾದರೆ ಗಾಳಿ ಏಳುತ್ತದೆ. ದಿಗಂತ ನೋಡಿಕೊಂಡು ಕೂರಬೇಕು, ಮೊಬೈಲ್ ನೋಡಿದವರೇ ಮೊದಲು ಬಗ್ಗುವುದು.

ಮಂಡಕ್ಕಿ ಕವರ್, ಗುಟ್ಕಾ ಚೀಟಿ ಬೋಟಿಗೆ ತರಬೇಡಿ. ಗಾಳಿಗೆ ಹಾರಿದ ಪ್ಲಾಸ್ಟಿಕ್ಕನ್ನು ಆಮೆ ತಿನ್ನುತ್ತದೆ, ಕರುಳಿಗೆ ಸಿಕ್ಕಿ ಸಾಯುತ್ತದೆ. ನಮ್ಮೂರವರ ಬೋಟಿನಿಂದ ಕೇಸರಿ ಉಗುಳು ಹಾರುವುದನ್ನು ನೋಡಿ ನಾಚಿಕೆಯಾಗಿದೆ ನನಗೆ.

ಸನ್‌ಸ್ಕ್ರೀನ್ ಬಳಿದುಕೊಂಡು ನೀರಿಗೆ ಬೀಳಬೇಡಿ. ಆಕ್ಸಿಬೆಂಜೋನ್ ಇರುವ ಕ್ರೀಮಿನಿಂದ ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಮಾರಾಟವೇ ಇಲ್ಲ. ತುಂಬು ತೋಳಿನ ಈಜು ಬಟ್ಟೆ, ಉದ್ದ ಕಾಲಿನದು ಹಾಕಿ. ಬೋರಲು ಮಲಗುವುದರಿಂದ ಸುಡುವುದು ಕತ್ತಿನ ಹಿಂದೆ, ಮಂಡಿಯ ಹಿಂದೆ. ನಾನು ವಾರ ಪೂರ್ತಿ ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ಹೋದ ಮೇಲೆ ನಿಮ್ಮಲ್ಲಿ ಯಾರಾದರೂ ಆಸೆಗೆ ಬಿದ್ದು ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾ ಮಾಡಿದರೆ ಅದೇ ಸಂಜೆ ಘಾಟಿ ಹತ್ತಬೇಡಿ. ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ರಕ್ತಕ್ಕೆ ಸೇರಿದ ನೈಟ್ರೋಜನ್ ನಿಧಾನಕ್ಕೆ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಗುಳ್ಳೆಯಾಗುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತಲು ಇಷ್ಟು ಹೊತ್ತು ಕಾಯಿರಿ ಅಂತ ಹೇಳುವ ಲೆಕ್ಕವನ್ನೇ ನಾನು ಘಾಟಿಗೂ ಇಟ್ಟುಕೊಂಡಿದ್ದೇನೆ. ಒಂದು ಡೈವಿಗೆ ಕನಿಷ್ಠ 12 ಗಂಟೆ, ಎರಡಾದರೆ 18. ಬರೀ ಸ್ನಾರ್ಕೆಲಿಂಗ್ ಮಾಡಿದವರಿಗೆ ಈ ತಾಪತ್ರಯ ಇಲ್ಲ. ಹೇಗೂ ರಾತ್ರಿ ಪೂರ್ತಿ ಓಡಿಸಿ, ಹಗಲು ಸಮುದ್ರದಲ್ಲಿದ್ದು, ಮತ್ತೆ ಅವತ್ತೇ ಓಡಿಸುವುದು ಹುಚ್ಚುತನ. ಹೊನ್ನಾವರದಲ್ಲಿ ಒಂದು ರಾತ್ರಿ ಉಳಿಯಿರಿ. ಕಾಸರಕೋಡು ಕಡೆ ದಡಕ್ಕೆ ಆಲಿವ್ ರಿಡ್ಲೆ ಆಮೆಗಳು ಈ ಚಳಿಗಾಲದಲ್ಲೇ ಮೊಟ್ಟೆ ಇಡಲು ಬರುತ್ತವೆ. ರಾತ್ರಿ ದಂಡೆಗೆ ಹೋದರೆ ಟಾರ್ಚ್ ಬಿಡಬೇಡಿ, ಕಾರಿನ ಹೆಡ್‌ಲೈಟ್ ಹಾಕಬೇಡಿ, ಬೆಳಕಿಗೆ ತಾಯಿ ಆಮೆ ಹಾಗೇ ತಿರುಗಿ ಹೋಗುತ್ತದೆ.

ಭಾನುವಾರ ಕೊಳಕ್ಕೆ ನನ್ನ ಎರಡು ಮಾಸ್ಕ್ ತರುತ್ತೇನೆ, ಹಾಕಿ ನೋಡು. ಕನ್ನಡಕದವನು ಯಾರೋ ಒಬ್ಬ ಇದ್ದಾನಲ್ಲ ನಿಮ್ಮಲ್ಲಿ, ಅವನನ್ನೂ ಕರೆದುಕೊಂಡು ಬಾ, ಒಂದರಲ್ಲಿ ಪವರ್ ಗಾಜಿದೆ. ಆ ಎಂಟು ಡಬ್ಬ ರಿಟರ್ನ್ ದಿನ ಮುಗಿಯುವುದರೊಳಗೆ ಕಳಿಸು, ಸೀಲ್ ಒಡೆದಿದ್ದರೂ ಕೇಳಿ ನೋಡು.