ಹದಿನೆಂಟು ಮಕ್ಕಳು ಐದಾದರು

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಮುಗಿಸಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮೊಹಲ್ಲಾದಲ್ಲಿ ಎಸ್‌ಎಸ್‌ಎಲ್‌ಸಿ ಫೇಲಾಗಿ ಗ್ಯಾರೇಜು, ಮಟನ್ ಅಂಗಡಿ ಸೇರುವ ಹುಡುಗರೇ ಜಾಸ್ತಿ. ಮನೆಮಾತು ಉರ್ದು, ಶಾಲೆ ಕನ್ನಡ ಮಾಧ್ಯಮ. ಗೆಳೆಯರು ಸೇರಿ ಸಂಜೆ ಆರಕ್ಕೆ ಗಣಿತ ಪಾಠ ಶುರು ಮಾಡಿದೆವು. 18 ಮಕ್ಕಳು ಬಂದರು, ತಿಂಗಳಲ್ಲಿ 5 ಉಳಿದರು. ಎಲ್ಲಿ ತಪ್ಪಿದೆವು?
— ಒಬ್ಬ ಓದುಗ, ದಾವಣಗೆರೆ

ಉತ್ತರ: ಮೊದಲು ಆ ಐದು ಮಕ್ಕಳ ಪಾಠ ನಿಲ್ಲಿಸಬೇಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ಹಳೇ ಹುಬ್ಬಳ್ಳಿಯ ಒಂದು ಮನೆಯ ಮಾಳಿಗೆಯಲ್ಲಿ ಇಂಥದ್ದೇ ಪಾಠ ನಡೆಸುತ್ತಿದ್ದೇನೆ. ಮೊದಲ ವರ್ಷ ಹತ್ತನೇ ತರಗತಿ ಪುಸ್ತಕ ಹಿಡಿದು ಬೋರ್ಡಿನ ಮೇಲೆ ‘ಸಮಾಂತರ ಶ್ರೇಢಿ’ ಎಂದು ಬರೆದೆ. ಮಕ್ಕಳು ತಲೆ ತಗ್ಗಿಸಿ ಕೂತರು.

ಮಟನ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗನನ್ನು ಸುಮ್ನೆ ಕೇಳಿದೆ: ಕಿಲೋಗೆ 800 ರೂಪಾಯಿ ಆದರೆ ಪೌನ್ ಕಿಲೋಗೆ, ಅಂದರೆ ಮುಕ್ಕಾಲು ಕಿಲೋಗೆ, ಎಷ್ಟಪ್ಪಾ? ‘ಛೇ ಸೌ’ (ಆರುನೂರು) ಅಂದ ತಕ್ಷಣ. ಅದನ್ನೇ 800ರ 3/4 ಭಾಗ ಎಂದು ಬರೆದೆ, ಬರಲಿಲ್ಲ. ಭಿನ್ನರಾಶಿ ಎಂಬ ಮಾತನ್ನು ಮನೆಯಲ್ಲಿ ಯಾರ ಬಾಯಲ್ಲೂ ಅವನು ಕೇಳಿರಲಿಲ್ಲ. ಮರುದಿನದಿಂದ ಪಾವ್ (ಕಾಲು), ಆಧಾ (ಅರ್ಧ), ಪೌನ್ ಹಿಡಿದೆ. ಎರಡು ತಿಂಗಳು ಬರೀ ಐದನೇ ಕ್ಲಾಸಿನ ಲೆಕ್ಕ. ಮೊದಲು ಅವರ ಮಾತಲ್ಲಿ, ಆಮೇಲೆ ಪ್ರಶ್ನೆಪತ್ರಿಕೆಯ ಕನ್ನಡದಲ್ಲಿ. ಬಹುಲಕ, ಮಧ್ಯಾಂಕ ಇಂಥ ಪದಗಳನ್ನು ಅರ್ಥದ ಜೊತೆ ಗೋಡೆಗೆ ಅಂಟಿಸಿದೆ. ಉರ್ದು ನಿಮ್ಮ ಮನೆಮಾತೇ ಅಲ್ವಾ? ನನಗಿಂತ ನಿಮಗೆ ಇದು ಸುಲಭ.

ಇನ್ನು ವೇಳೆ. ಗ್ಯಾರೇಜಿನ ಹುಡುಗ ಕೈತೊಳೆದು ಹೊರಬರುವಾಗ ರಾತ್ರಿ ಎಂಟು. ಆರಕ್ಕೆ ಅವನು ಹೇಗೆ ಬರುತ್ತಾನೆ? ರಂಜಾನ್‌ನಲ್ಲಿ ಸಂಜೆ ಉಪವಾಸ ಬಿಡುವ ಇಫ್ತಾರ್, ರಾತ್ರಿ ತರಾವೀಹ್ ನಮಾಜ್. 2025ರಲ್ಲಿ ರಂಜಾನ್, ಪರೀಕ್ಷೆ ಎರಡೂ ಮಾರ್ಚಿನಲ್ಲೇ ಬಂದವು. ಆಗ ಬೆಳಗಿನ ಜಾವದ ಫಜರ್ ನಮಾಜ್ ಮುಗಿದ ಮೇಲೆ ಒಂದು ಗಂಟೆ ಪಾಠ ಇಟ್ಟೆವು. ಹೆಣ್ಣುಮಕ್ಕಳಿಗೆ ಭಾನುವಾರದ ಹಗಲೇ ಅನುಕೂಲ. ಅವರ ಅಮ್ಮಂದಿರ ಜೊತೆ ಮೊದಲೇ ಮಾತಾಡಿ.

ಫೇಲಾದವರ ವಿಷಯ ನನಗೆ ತುಂಬಾ ಮುಖ್ಯ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಫೇಲಾದ ವಿಷಯವನ್ನಷ್ಟೇ ಮತ್ತೆ ಬರೆಯಬಹುದು. ನಾನು ಹೋದ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇರಲಿಲ್ಲ. ಫಲಿತಾಂಶ ಬಂದ ದಿನವೇ ಹೋಗಿ. ಒಮ್ಮೆ ನಾನು ಹದಿನೈದು ದಿನ ತಡ ಮಾಡಿದೆ. ಅಷ್ಟರಲ್ಲಿ ಹುಡುಗ ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋಗಿದ್ದ. ಅದು ಇವತ್ತಿಗೂ ನೋವು.

ಬಿಟ್ಟುಹೋದ 13 ಮಕ್ಕಳ ಮನೆ ನಿಮಗೆ ಗೊತ್ತಲ್ಲವೇ? ಈ ಭಾನುವಾರ ಹೋಗಿ ಬನ್ನಿ. ಯಾವ ಹೊತ್ತಿಗೆ ಬರಲು ಆಗುತ್ತದೆ ಎಂದು ಅವರನ್ನೇ ಕೇಳಿ.