ಲಾರಿ ಓಡಿಸ್ತಿದ್ದ ಸ್ಟಾರ್

ಪ್ರಶ್ನೆ: ಮಗ ಕೆಲಸಕ್ಕೆ ಅಂತ ಐರ್ಲೆಂಡಿನ ಕಾರ್ಕ್‌ಗೆ ಹೋಗಿ ಆರು ತಿಂಗಳಾಯ್ತು. ಫೋನ್ ಮಾಡಿದ್ರೆ ಬರೀ ಹರ್ಲಿಂಗ್ ಅನ್ನೋ ಆಟದ ಸುದ್ದಿ, ಆರ್‌ಸಿಬಿ ಸ್ಕೋರ್ ಕೂಡ ಕೇಳಲ್ಲ. ಕ್ರಿಸ್ಟಿ ರಿಂಗ್ ಅನ್ನೋರ ಪ್ರತಿಮೆ ಪಕ್ಕ ನಿಂತು ಫೋಟೋ ಕಳಿಸಿದಾನೆ. ಯಾರು ಸಾರ್ ಇವ್ರು, ಎಷ್ಟು ಕೋಟಿ ದುಡಿದಿದ್ರು? ಇವನೂ ಆಡೋಕೆ ಹೋಗ್ತಾನಂತೆ, ಅವರಮ್ಮಂಗೆ ಹೆದರಿಕೆ.
– ಓದುಗರು, ರಾಜಾಜಿನಗರ

ಉತ್ತರ: ಕೋಟಿ ಬಿಡಿ ಸಾರ್, ಆಟಕ್ಕೆ ಅಂತ ಸಂಬಳಾನೇ ಇರ್ಲಿಲ್ಲ! ರಿಂಗ್ ಹೊಟ್ಟೆಪಾಡಿಗೆ ಲಾರಿ ಓಡಿಸ್ತಿದ್ರು, ಆಮೇಲೆ ಆಯಿಲ್ ಕಂಪನಿ ಟ್ಯಾಂಕರ್. ಹರ್ಲಿಂಗ್‌ನಲ್ಲಿ ಇವತ್ತಿಗೂ ಅಷ್ಟೇ, ಭಾನುವಾರ 80 ಸಾವಿರ ಜನದ ಮುಂದೆ ಆಡಿದವನು ಸೋಮವಾರ ಸ್ಕೂಲಲ್ಲಿ ಪಾಠ ಮಾಡ್ತಿರ್ತಾನೆ. ಹರಾಜು ಗಿರಾಜು ಇಲ್ಲ, ನಿಮ್ಮ ಜಿಲ್ಲೆ ಯಾವ್ದೋ ಆ ಟೀಮಿಗೇ ಆಡ್ಬೇಕು.

ಆಟ ನಮ್ಮ ಹಾಕಿ ಥರ ಕಾಣುತ್ತೆ ಆದ್ರೆ ಚೆಂಡನ್ನ ಗಾಳಿಲೇ ಬಾರಿಸ್ಬಹುದು ಕೈಲಿ ಹಿಡೀಬಹುದು, ಒಂದೊಂದು ಟೀಮಲ್ಲಿ 15 ಜನ, ಚೆಂಡು ಗೋಲ್ ಕಂಬಗಳ ಮಧ್ಯದ ಅಡ್ಡಪಟ್ಟಿ ಕೆಳಗೆ ಹೋದ್ರೆ 3 ಪಾಯಿಂಟ್ ಮೇಲೆ ಹೋದ್ರೆ 1.

ರಿಂಗ್ ಹುಟ್ಟಿದ್ದು 1920ರಲ್ಲಿ, ಕಾರ್ಕ್ ಜಿಲ್ಲೆಯ ಕ್ಲೋಯ್ನ್ ಅನ್ನೋ ಹಳ್ಳೀಲಿ. ಕಾರ್ಕ್ ಟೀಮಿಗೆ 1939ರಿಂದ ಇಪ್ಪತ್ತು ವರ್ಷಕ್ಕೂ ಜಾಸ್ತಿ ಆಡಿ 8 ಸಲ ಆಲ್ ಐರ್ಲೆಂಡ್, ಅಂದ್ರೆ ಜಿಲ್ಲಾ ಟೀಮುಗಳ ದೊಡ್ಡ ಚಾಂಪಿಯನ್‌ಶಿಪ್, ಗೆದ್ರು, ಅದ್ರಲ್ಲಿ 1941ರಿಂದ 44ರ ತನಕ ಸತತವಾಗಿ ನಾಲ್ಕು. ಈಗ ಕಿಲ್ಕೆನಿ ಜಿಲ್ಲೆ ಟೀಮಿನ ಹೆನ್ರಿ ಶೆಫ್ಲಿನ್ ಹತ್ರ 10 ಇದೆ, ಸರಿ. ಆದ್ರೆ ಕಾರ್ಕಲ್ಲಿ ಆ ಮಾತು ಎತ್ತಬೇಡ ಅಂತ ಮಗನಿಗೆ ಹೇಳಿ.

ನಂಗೆ ಹಿಡಿಸಿದ್ದು ಮಾತ್ರ ಅವ್ರು ಸೋತ ಮ್ಯಾಚು. 1956ರ ಆಲ್ ಐರ್ಲೆಂಡ್ ಫೈನಲ್, ಎದುರಿಗೆ ವೆಕ್ಸ್‌ಫರ್ಡ್ ಜಿಲ್ಲೆ ಟೀಮು. ಕಾರ್ಕ್‌ನಲ್ಲಿ ಪೋಲಿಯೋ ಹಬ್ಬಿದ್ರಿಂದ ಮ್ಯಾಚೇ ಮುಂದಕ್ಕೆ ಹೋಗಿತ್ತು. ರಿಂಗ್‌ಗೆ ಆಗ್ಲೇ 35, ಗೆದ್ರೆ ಒಂಬತ್ತನೇ ಪದಕ. ಕೊನೇ ನಿಮಿಷಗಳಲ್ಲಿ ಬಾಲ್ ಸಿಕ್ತು, ನುಗ್ಗಿ ಬಾರಿಸಿದ್ರು, ಗೋಲ್‌ಕೀಪರ್ ಆರ್ಟ್ ಫೋಲಿ ತಡೆದುಬಿಟ್ಟ. ಅಲ್ಲಿಗೆ ಕಥೆ ಮುಗೀತು. ಆಮೇಲೆ ಏನಾಯ್ತು ಗೊತ್ತಾ, ಗೆದ್ದ ವೆಕ್ಸ್‌ಫರ್ಡ್ ಹುಡುಗ್ರು ತಮ್ಮ ಕಪ್ಪು ಗಿಪ್ಪು ಬಿಟ್ಟು ಸೋತ ರಿಂಗ್‌ನ ಹೆಗಲ ಮೇಲೆ ಹೊತ್ಕೊಂಡು ಮೈದಾನದಿಂದ ಆಚೆ ಕರ್ಕೊಂಡು ಬಂದ್ರು! ಚಿನ್ನಸ್ವಾಮಿಲಿ ಎದುರು ಟೀಮಿನವ್ರನ್ನ ಹೀಗೆ ಹೊತ್ತಿದ್ದು ನಾನಂತೂ ನೋಡಿಲ್ಲಪ್ಪ.

ಒಂಬತ್ತನೇದು ಕೊನೆಗೂ ಸಿಗ್ಲಿಲ್ಲ. 1979ರಲ್ಲಿ, 58ನೇ ವಯಸ್ಸಿಗೇ ಹೋಗ್ಬಿಟ್ರು. ಸಮಾಧಿ ಹತ್ರ ಮಾತಾಡಿದ್ದು ಆಗಿನ ಪ್ರಧಾನಿ ಜ್ಯಾಕ್ ಲಿಂಚ್. ಅವ್ರೂ ಕಾರ್ಕ್ ಟೀಮಲ್ಲಿ ರಿಂಗ್ ಜೊತೆ ಆಡಿದವ್ರೇ.

ಅಮ್ಮೋರ ಹೆದರಿಕೆ ಸುಳ್ಳಲ್ಲ, ಮರದ ಕೋಲು ಬೀಸೋ ಆಟ ಅದು. ರಿಂಗ್ ಬರೀ ತಲೇಲಿ ಆಡ್ತಿದ್ರು, ಆದ್ರೆ 2010ರಿಂದ ಎಲ್ರಿಗೂ ಹೆಲ್ಮೆಟ್ ಕಡ್ಡಾಯ. ಫೋಟೋದಲ್ಲಿ ಹೆಲ್ಮೆಟ್ ಕಂಡ್ರೆ ಮಾತ್ರ ಪರ್ಮಿಶನ್ ಕೊಡಿ.