ಇನ್ನೂ ಮಾತು ಬಾರದ ಮಗುವಿನ ಸುದ್ದಿ ಬರೆಯುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ದಿನಪತ್ರಿಕೆಯೊಂದರಲ್ಲಿ ಆರೋಗ್ಯ ವರದಿಗಾರ್ತಿ. ಹುಟ್ಟಿನಿಂದ ಐದಾರು ವರ್ಷದವರೆಗಿನ ಮಕ್ಕಳ ಬಗ್ಗೆ ಬರೆಯುವ ಪತ್ರಕರ್ತರಿಗೆ ಒಂದು ತರಬೇತಿ ಇದೆ. ಆಯ್ಕೆಯಾದರೆ ಪ್ರಯಾಣ, ವಸತಿ, ಊಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಹಣ ಕೊಡುವುದು ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಪ್ರತಿಷ್ಠಾನ. ನಮ್ಮ ಸಂಪಾದಕರು ಮಾತ್ರ "ಹಾಲು ಕುಡಿಯೋ ಮಕ್ಕಳಲ್ಲಿ ಏನು ಸುದ್ದಿ ಸಿಗುತ್ತೆ? ಅದೂ ಬೇರೆಯವರ ದುಡ್ಡಲ್ಲಿ" ಅಂತಾರೆ. ಅರ್ಜಿ ಹಾಕಲಾ, ಬೇಡವಾ?

ಉತ್ತರ: ಹಾಕಿ. ಕೊನೆಯ ದಿನದವರೆಗೂ ಕಾಯಬೇಡಿ.

ನಿಮ್ಮ ಸಂಪಾದಕರ ಮೊದಲ ಮಾತಿಗೆ ಉತ್ತರ ನಿಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲೇ ಇದೆ. ತೆಗೆದು ನೋಡಿ. ಲಸಿಕೆ ಹಾಕುವ ದಿನ ಆರೋಗ್ಯ ವರದಿಗಾರರು ಮಗುವಿನ ಹತ್ತಿರ ಹೋಗುತ್ತಾರೆ. ಶಿಕ್ಷಣ ವರದಿಗಾರರಿಗೆ ಮಗು ಕಾಣುವುದು ಶಾಲೆಗೆ ಸೇರಿದ ಮೇಲೆ. ಇನ್ನು ಏನಾದರೂ ಘೋರವಾದದ್ದು ನಡೆದರೆ ಅಪರಾಧ ವರದಿಗಾರರು ಹೋಗುತ್ತಾರೆ. ನಡುವಿನ ವರ್ಷಗಳು ಯಾರ ಪಾಲಿಗೂ ಇಲ್ಲ. ಮಗುವಿನ ಮಿದುಳು ಅತಿ ವೇಗವಾಗಿ ಬೆಳೆಯುವುದು ಆ ವರ್ಷಗಳಲ್ಲೇ. ಅಂಥ ಕಾಲವನ್ನು ಪತ್ರಿಕೆಗಳು ಹೀಗೆ ಖಾಲಿ ಬಿಟ್ಟಿರುವುದು ನನಗೆ ನಿಜವಾಗಿಯೂ ನೋವಿನ ವಿಷಯ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಐದು ವರ್ಷದೊಳಗಿನ ಸುಮಾರು 25 ಕೋಟಿ ಮಕ್ಕಳು ತಮ್ಮ ಶಕ್ತಿಗೆ ತಕ್ಕಷ್ಟು ಬೆಳೆಯದೇ ಹೋಗುವ ಅಪಾಯದಲ್ಲಿದ್ದಾರೆ ಎಂದು 2016ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಹೇಳಿತು. ಇದು ಸುದ್ದಿಯಲ್ಲದೆ ಮತ್ತೇನು?

ಈಗ ತರಬೇತಿಯ ವಿಚಾರ. ಇಂಥದ್ದೊಂದರಲ್ಲಿ ಕುಳಿತು ಕಲಿತವಳು ನಾನು. ಅಲ್ಲಿ ಸಿಕ್ಕಿದ್ದರಲ್ಲಿ ಇವತ್ತಿಗೂ ನನ್ನ ಕೆಲಸಕ್ಕೆ ಬರುತ್ತಿರುವುದು ಎರಡು. ಒಂದು, ಅಂಕಿಯನ್ನು ತಡೆದು ನಿಲ್ಲಿಸಿ ಪ್ರಶ್ನೆ ಕೇಳುವುದು.

ಮಕ್ಕಳ ವಿಷಯದಲ್ಲಿ ಅಂಕಿಗಳು ಒಂದು ಪತ್ರಿಕಾ ಪ್ರಕಟಣೆಯಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತವೆ. ಬಡವರ ಮನೆಯ ಮಕ್ಕಳು ಶಾಲೆಗೆ ಸೇರುವ ಮೊದಲೇ, ಅನುಕೂಲಸ್ಥರ ಮಕ್ಕಳಿಗಿಂತ 3 ಕೋಟಿ ಪದ ಕಡಿಮೆ ಕೇಳಿರುತ್ತಾರೆ ಎಂಬ ಮಾತು ನೀವೂ ಓದಿರಬಹುದು. ಇದರ ಮೂಲ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲಿ ಎಂಬ ಅಮೆರಿಕದ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು 42 ಕುಟುಂಬಗಳನ್ನು. ತಿಂಗಳಿಗೆ ಒಂದು ಗಂಟೆ ಮನೆಯ ಮಾತು ದಾಖಲಿಸಿಕೊಂಡರು. ಅದರಿಂದ ವರ್ಷಗಳ ಲೆಕ್ಕ ಹಾಕಿದರು. 2018ರಲ್ಲಿ ಬೇರೆ ಸಂಶೋಧಕರು ಬೇರೆ ಬೇರೆ ಸಮುದಾಯಗಳ ಮನೆಗಳನ್ನು ನೋಡಿದಾಗ ಅಂಥ ಅಂತರ ಸಿಗಲಿಲ್ಲ. ಮನೆಯಲ್ಲಿ ಅಜ್ಜಿ, ಅಕ್ಕ, ಚಿಕ್ಕಮ್ಮ ಆಡುವ ಮಾತನ್ನೂ ಸೇರಿಸಿದರೆ ಲೆಕ್ಕವೇ ಬದಲಾಗುತ್ತದೆ ಎಂದು ಅವರು ತೋರಿಸಿದರು. ಆದರೆ ಅಷ್ಟರಲ್ಲಿ 3 ಕೋಟಿ ಪದಗಳ ಹೆಡ್‌ಲೈನ್ ಲೋಕವೆಲ್ಲ ಸುತ್ತಿಯಾಗಿತ್ತು. ದುಡಿದು ಸುಸ್ತಾದ ಬಡ ತಾಯಿಯ ತಲೆಗೆ ಇನ್ನೊಂದು ತಪ್ಪು ಕಟ್ಟಿಯಾಗಿತ್ತು.

ಹಾಗಂತ ಚಿಕ್ಕ ಅಧ್ಯಯನ ಅಂದರೆ ಸುಳ್ಳು ಅಂತಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ, ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಆರಿಸಿಕೊಂಡರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರವಾರವೂ ಹೋದರು. ಮಗುವಿನ ಜೊತೆ ಆಡುವುದು, ಮಾತಾಡುವುದು ಹೇಗೆಂದು ತಾಯಂದಿರಿಗೆ ತೋರಿಸಿದರು. ಸುಮಾರು 20 ವರ್ಷಗಳ ನಂತರ ಆ ಮಕ್ಕಳ ಸಂಪಾದನೆ, ಅಂಥ ಭೇಟಿ ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. ಇಲ್ಲೂ ಮಕ್ಕಳ ಸಂಖ್ಯೆ ಕಡಿಮೆಯೇ. ಆದರೆ ಯಾರ ಮನೆಗೆ ಹೋಗಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ, ಆಯ್ದುಕೊಳ್ಳದೆ ತೀರ್ಮಾನಿಸಿದ್ದರು. ಅದೇ ಮಕ್ಕಳನ್ನು ದೊಡ್ಡವರಾಗುವ ತನಕ ಬಿಡದೆ ಗಮನಿಸಿದರು. ಎಷ್ಟು ಮಕ್ಕಳು, ಹೋಲಿಸಿದ್ದು ಯಾರ ಜೊತೆ, ಎಷ್ಟು ಕಾಲ ನೋಡಿದರು? ಇದನ್ನು ಕೇಳುವ ವರದಿಗಾರರನ್ನು ಯಾವ ಪ್ರಕಟಣೆಯೂ ಅಷ್ಟು ಸುಲಭವಾಗಿ ದಾರಿ ತಪ್ಪಿಸಲಾರದು.

ಎರಡನೆಯದು ನೋಡುವುದು. ಒಂದು ವರ್ಷದ ಮಗು ಸಂದರ್ಶನ ಕೊಡುವುದಿಲ್ಲ, ಅಲ್ವಾ? ತಾಯಿ, ವೈದ್ಯರು, ಅಧಿಕಾರಿಗಳ ಮಾತು ಸೇರಿಸಿ ವರದಿ ಮುಗಿಸುವುದು ನಮ್ಮ ಅಭ್ಯಾಸ. ಮಗುವೇ ಅದರಲ್ಲಿ ಇರುವುದಿಲ್ಲ. ನಮ್ಮ ತರಬೇತಿಯಲ್ಲಿ ಒಂದು ಮಗುವನ್ನು ದೂರದಿಂದ ಸುಮ್ನೆ ನೋಡಿ ಬರೆಯಲು ಹೇಳಿದ್ದರು. 'ಖುಷಿ', 'ಬೇಸರ' ಎಂದು ಬರೆಯುವಂತಿಲ್ಲ. ಕೈ ಏನು ಮಾಡಿತು, ಕಣ್ಣು ಯಾರ ಕಡೆ ಹೋಯಿತು, ಬಿದ್ದಾಗ ಯಾರತ್ತ ತಿರುಗಿತು, ಅಷ್ಟೇ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಮಾಡಿದ ಪ್ರಯೋಗದ ಬಗ್ಗೆ ಓದಿ. ಆಡುತ್ತಿದ್ದ ತಾಯಿ ಸ್ವಲ್ಪ ಹೊತ್ತು ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಮತ್ತೆ ಮತ್ತೆ ಕರೆಯುತ್ತದೆ. ಕೊನೆಗೆ ಮುಖ ತಿರುಗಿಸುತ್ತದೆ. ಇದೆಲ್ಲ ಮಗುವಿನ ಹೇಳಿಕೆಯೇ. ಬರೆದುಕೊಳ್ಳಲು ನಮಗೆ ಬರಬೇಕು.

ದುಡ್ಡಿನ ಅನುಮಾನ ಸರಿಯಾದದ್ದೇ. ಕೇಳಲು ಸಂಕೋಚ ಬೇಡ. ವರದಿಯನ್ನು ಅಚ್ಚಿಗೆ ಮೊದಲು ಹಣ ಕೊಟ್ಟವರು ನೋಡುತ್ತಾರಾ? ಅವರ ಯೋಜನೆಗಳನ್ನು ಟೀಕಿಸಿ ಬರೆಯಬಹುದಾ? ಎರಡರಲ್ಲಿ ಒಂದಕ್ಕೆ ಅಡ್ಡಾದಿಡ್ಡಿ ಉತ್ತರ ಬಂದರೂ ಬಿಟ್ಟುಬಿಡಿ. ಹಣ ಪ್ರತಿಷ್ಠಾನದ್ದಾಗಿದ್ದು, ನಡೆಸುವವರು ಪತ್ರಿಕೋದ್ಯಮದವರೇ ಆಗಿದ್ದರೆ ಒಳ್ಳೆಯದು. ಉದಾಹರಣೆಗೆ, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಡಾರ್ಟ್ ಸೆಂಟರ್ ಎಂಬ ಪತ್ರಿಕೋದ್ಯಮ ಕೇಂದ್ರ, ಎಳೆಯ ಮಕ್ಕಳ ಬಗ್ಗೆ ಬರೆಯುವ ಪತ್ರಕರ್ತರಿಗೆ ತರಬೇತಿ ಕೊಟ್ಟಿದೆ. ವರದಿಯ ಕೊನೆಯಲ್ಲಿ ನೆರವು ಯಾರದು ಎಂದು ಒಂದು ಸಾಲು ಹಾಕಿ.

ಅರ್ಜಿಯಲ್ಲಿ 'ಮಕ್ಕಳ ಪೌಷ್ಟಿಕತೆ ಬಗ್ಗೆ ಬರೆಯುತ್ತೇನೆ' ಎಂದರೆ ಸಾಲದು. 'ರಾತ್ರಿ ಪಾಳಿಯ ತಾಯಂದಿರ ಎಳೆ ಮಕ್ಕಳನ್ನು ರಾತ್ರಿ ಯಾರು ನೋಡಿಕೊಳ್ಳುತ್ತಾರೆ?' ಎಂಬಂಥ ಒಂದು ಪ್ರಶ್ನೆ ಇಡಿ. ಯಾರನ್ನು ಭೇಟಿ ಮಾಡುತ್ತೀರಿ, ಯಾವ ದಾಖಲೆ ಕೇಳುತ್ತೀರಿ ಎಂದೂ ಬರೆಯಿರಿ.

ಪ್ರಶ್ನೆ: ತಾಯಿ ಒಪ್ಪಿದರೆ ಕಾಯಿಲೆಯ ಮಗುವಿನ ಫೋಟೊ ಹಾಕಬಹುದಾ?

ಉತ್ತರ: ತಾಯಿಯ ಒಪ್ಪಿಗೆ ಬೇಕು, ಆದರೆ ಅದೊಂದೇ ಸಾಲದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿಗೂ ಖಾಸಗಿತನದ ಹಕ್ಕು ಕೊಟ್ಟಿದೆ. ಮಗು ದೊಡ್ಡದಾಗಿ ತನ್ನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಾಗ ಈ ಫೋಟೊ ಸಿಗುತ್ತದೆ ಎಂದು ತಾಯಿಗೆ ಬಿಡಿಸಿ ಹೇಳಿ, ಆಮೇಲೆ ಕೇಳಿ. ಅವರು ಹೂಂ ಎಂದರೂ ಸೋಂಕು, ದೌರ್ಜನ್ಯದಂಥ ವಿಷಯದಲ್ಲಿ ಮುಖ ತೋರಿಸಬೇಡಿ. ತಾಯಿಯ ಬೆರಳು ಹಿಡಿದ ಪುಟ್ಟ ಕೈಯ ಫೋಟೊ ಸಾಕು. ಹೆಸರು ಬದಲಿಸಿ, ಬೀದಿಯ ಹೆಸರೂ ಬೇಡ.